ಠರಾವಿನ ಕಾಗದ, ಕೆರೆಯ ನೀರು

ಶಾಸನಸಭೆಯೆಂದೊಡನೆ ನಮ್ಮ ವಾಚಕರ ಮನದಲ್ಲಿ ಮೂಡುವ ಚಿತ್ರ ಹೆಚ್ಚಾಗಿ ಗದ್ದಲದ್ದು. ಅಧ್ಯಕ್ಷಪೀಠದ ಮುಂದೆ ನೂಕುನುಗ್ಗಲು, ಹರಿದೆಸೆದ ಕಾಗದ, ಸಭಾತ್ಯಾಗ. ಸ್ವಾತಂತ್ರ್ಯಪೂರ್ವದ ಶಾಸನಸಭೆಯೆಂದರಂತೂ 1929ರ ಏಪ್ರಿಲ್ 8ರಂದು ದೆಹಲಿಯಲ್ಲಿ ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತರು ಎಸೆದ ಬಾಂಬಿನ ಸದ್ದೇ ಕೇಳಿಸುತ್ತದೆ. ಆದರೆ ಬಾಂಬು ಬಿದ್ದುದು ಒಂದು ದಿನ. ಉಳಿದ ದಿನಗಳಲ್ಲಿ ಬ್ರಿಟಿಷರ ಕಾಲದ ಆ ಸಭೆಗಳು ಏನು ಮಾಡುತ್ತಿದ್ದವು? ಬೆಳಿಗ್ಗೆ ಸಭೆ ಸೇರಿ ಸಂಜೆ ಏಳುವವರೆಗೆ ಅಲ್ಲಿ ನಡೆಯುತ್ತಿದ್ದ ಸಾಮಾನ್ಯ ಕಲಾಪವೆಂತಹದು? ಅದರಿಂದ ಊರಿನ ಮನುಷ್ಯನಿಗೆ ಏನಾದರೂ ದಕ್ಕಿತೇ? ಈ ತಿಂಗಳು ಈ ನೀರಸವೆನಿಸುವ ಪ್ರಶ್ನೆಯನ್ನೇ ವಾಚಕರ ಮುಂದಿಡಬೇಕೆಂದು ಬಗೆದಿದ್ದೇವೆ.

ಉದಾಹರಣೆಗೆ ನಾವು ಆರಿಸಿಕೊಂಡುದು ಮುಂಬಯಿಯ ಕಾಯಿದೆ ಕೌನ್ಸಿಲ್ಲನ್ನು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ನಾಡು 1956ರವರೆಗೂ ಮುಂಬಯಿಗೆ ಸೇರಿದ್ದಿತು. ಈ ಭಾಗದ ನಮ್ಮ ಅಜ್ಜಂದಿರ ಹೊಲದ ಕಂದಾಯ, ಊರಿನ ಸಾಲೆ, ದವಾಖಾನೆ, ಬಂಡಿಯ ದಾರಿ, ಸೇಂದಿಯ ಅಂಗಡಿ, ಕುಡಿಯುವ ನೀರಿನ ಬಾವಿ, ಎಲ್ಲವೂ ಆ ಸಭೆಯ ಬಾಗಿಲಿಗೆ ಒಂದಿಲ್ಲೊಂದು ದಿನ ಬಂದು ನಿಂತವೇ. ಅದರ ನಡಾವಳಿಯ ಸಂಪುಟಗಳು ಗ್ರಂಥಾಲಯಗಳ ಮೂಲೆಯಲ್ಲಿ ಧೂಳು ಹಿಡಿದು ಕುಳಿತಿವೆ, ತೆರೆಯುವವರು ಕಡಿಮೆ. ಮಠದ ಪಾಠಶಾಲೆಯಲ್ಲಿ ಒಂದು ಕ್ರಿಯಾಪದದ ಅರ್ಥಕ್ಕಾಗಿ ನಾಲ್ಕು ದಿನ ವಾದಿಸಿ ಬೆಳೆದ ನಮ್ಮಂಥವರಿಗೆ ಮಾತ್ರ ಆ ಶುಷ್ಕ ಬರವಣಿಗೆ ಬೇಸರ ತರುವುದಿಲ್ಲ. ಅಲ್ಲಿಯೂ ಕ್ರಿಯಾಪದದಲ್ಲಿಯೇ ಗುಟ್ಟು ಅಡಗಿರುತ್ತದೆಂಬುದನ್ನು ಮುಂದೆ ನೋಡುವೆವು.

1861ರ ಇಂಡಿಯನ್ ಕೌನ್ಸಿಲ್ಸ್ ಕಾಯಿದೆಯ ಮೇರೆಗೆ ಹುಟ್ಟಿದ ಈ ಕೌನ್ಸಿಲ್ಲು ಮೊದಲು ಸೇರಿದ್ದು 1862ರ ಜನವರಿ 22ರಂದು, ಮುಂಬಯಿಯ ಟೌನ್ ಹಾಲಿನಲ್ಲಿ. ಗವರ್ನರರೇ ಅಧ್ಯಕ್ಷರು. ಸದಸ್ಯರೆಲ್ಲ ಅವರೇ ನೇಮಿಸಿದವರು. ಭಾರತೀಯರಲ್ಲಿ ನಾನಾ ಶಂಕರಶೇಟರಂಥ ಕೆಲವೇ ಗಣ್ಯರು. ಎದುರಿಗೆ ಬಂದ ಮಸೂದೆಯನ್ನು ಕುರಿತು ಮಾತನಾಡಬಹುದು, ಅಷ್ಟೆ. ಪ್ರಶ್ನೆ ಕೇಳುವಂತಿಲ್ಲ. ಬರಗಾಲ ಬಂದರೂ ಕೇಳುವಂತಿಲ್ಲ, ಪ್ಲೇಗು ಬಂದರೂ ಕೇಳುವಂತಿಲ್ಲ. ಮೂವತ್ತು ವರ್ಷಗಳ ತರುವಾಯ, 1892ರ ಕಾಯಿದೆಯಿಂದ, ಎರಡು ಸಣ್ಣ ಕಿಂಡಿಗಳು ತೆರೆದವು. ಸದಸ್ಯನು ಪ್ರಶ್ನೆ ಕೇಳಬಹುದು, ಆದರೆ ಉತ್ತರ ಬಂದ ಮೇಲೆ ಮರುಪ್ರಶ್ನೆ ಕೂಡದು. ಬಜೆಟ್ಟಿನ ಮೇಲೆ ಭಾಷಣ ಮಾಡಬಹುದು, ಆದರೆ ಮತ ಹಾಕುವಂತಿಲ್ಲ. ಊಟದ ಎಲೆಯನ್ನು ನೋಡಿ ಹೊಗಳಲೂ ತೆಗಳಲೂ ಸ್ವಾತಂತ್ರ್ಯವುಂಟು, ತುತ್ತೆತ್ತಲು ಮಾತ್ರ ಅಪ್ಪಣೆಯಿಲ್ಲ ಎಂಬಂತಹ ಔದಾರ್ಯವದು.

ಆ ಔದಾರ್ಯದ ಅಳತೆ 1901ರಲ್ಲಿ ಎಲ್ಲರಿಗೂ ತಿಳಿಯಿತು. ಕಂದಾಯ ಕೊಡಲಾರದೆ ಸರಕಾರಕ್ಕೆ ಜಪ್ತಾದ ಜಮೀನನ್ನು ಮರಳಿ ರೈತನಿಗೆ ಕೊಡುವಾಗ, ಅದನ್ನು ಪರಭಾರೆ ಮಾಡುವ ಹಕ್ಕಿಲ್ಲದೆ ಕೊಡಬೇಕೆಂಬ ತಿದ್ದುಪಡಿಯ ಮಸೂದೆಯನ್ನು ಸರಕಾರ ತಂದಿತು. ಫಿರೋಜಶಹಾ ಮೆಹತಾರವರು ಅವಸರ ಮಾಡದೆ ಜನಾಭಿಪ್ರಾಯ ಕೇಳಿರೆಂದರು. ಎಣಿಕೆಯಲ್ಲಿ ಸೋತರು. ಗೋಪಾಲಕೃಷ್ಣ ಗೋಖಲೆಯವರೇ ಮೊದಲಾದ ಸಂಗಡಿಗರೊಡನೆ ಎದ್ದು ಸಭೆಯಿಂದ ಹೊರನಡೆದರು. ಸಭಾತ್ಯಾಗವು ನಿತ್ಯದ ಆಟವಾಗಿರುವ ನಮ್ಮ ಕಾಲದವರಿಗೆ ಅದರಲ್ಲಿ ವಿಶೇಷ ಕಾಣದು. ಅಂದು ಅದು ದೇಶವನ್ನೇ ಬೆರಗುಗೊಳಿಸಿದ ಸಂಗತಿ. ಮಸೂದೆಯೇನೋ ಕಾಯಿದೆಯಾಗಿಯೇ ಆಯಿತು.

1909ರಲ್ಲಿ ಮಾರ್ಲೆ-ಮಿಂಟೊ ಸುಧಾರಣೆ ಬಂದು, ಪ್ರಶ್ನೆ ಕೇಳಿದವನಿಗೆ ಉಪಪ್ರಶ್ನೆಯ ಹಕ್ಕು ಸಿಕ್ಕಿತು. ಠರಾವು ಮಂಡಿಸಿ ಮತಕ್ಕೆ ಹಾಕುವ ಹಕ್ಕೂ ಸಿಕ್ಕಿತು. ಮೈಸೂರು ಕಡೆಯ ವಾಚಕರು ಗೊತ್ತುವಳಿಯೆನ್ನುವುದನ್ನೇ ನಮ್ಮ ಉತ್ತರ ಭಾಗದವರು ಠರಾವು ಎನ್ನುತ್ತಾರೆ. ಇಲ್ಲಿ ಒಂದು ಹೋಲಿಕೆಯನ್ನು ಹೇಳದೆ ಮುಂದೆ ಹೋಗಲಾರೆವು. ಪ್ರಾಥಮಿಕ ಶಿಕ್ಷಣವನ್ನು ಹಂತಹಂತವಾಗಿ ಕಡ್ಡಾಯಗೊಳಿಸಬೇಕೆಂದು ಗೋಖಲೆಯವರು 1911ರಲ್ಲಿ ಕಲಕತ್ತೆಯ ಕೇಂದ್ರ ಕೌನ್ಸಿಲ್ಲಿನಲ್ಲಿ ಮಸೂದೆ ತಂದರು. 1912ರ ಮಾರ್ಚಿಯಲ್ಲಿ 13 ಮತಗಳ ವಿರುದ್ಧ 38 ಮತಗಳಿಂದ ಅದು ಬಿದ್ದುಹೋಯಿತು. ದೊಡ್ಡ ಸಭೆಯಲ್ಲಿ ಬಿದ್ದ ಬೀಜವು ಸಣ್ಣ ಸಭೆಯಲ್ಲಿ ಮೊಳೆಯಿತು. ಮುಂಬಯಿ ಕೌನ್ಸಿಲ್ಲಿನಲ್ಲಿ ವಿಠ್ಠಲಭಾಯಿ ಪಟೇಲರು, ಸರಕಾರದ ಮಂದಿಯಲ್ಲದ ಸಾಮಾನ್ಯ ಸದಸ್ಯರಾಗಿ, ಪುರಸಭೆಗಳು ಬಯಸಿದರೆ ತಮ್ಮ ಎಲ್ಲೆಯಲ್ಲಿ ಶಿಕ್ಷಣವನ್ನು ಕಡ್ಡಾಯ ಮಾಡಬಹುದೆಂಬ ಮಸೂದೆ ತಂದು, 1918ರಲ್ಲಿ ಅದನ್ನು ಕಾಯಿದೆಯಾಗಿಸಿದರು. ಭಾಷಣದ ವೈಭವ ಗೋಖಲೆಯವರಲ್ಲಿತ್ತು. ಫಲ ಕಂಡುದು ಪಟೇಲರ ಸಾಧಾರಣ ಕಾಗದ.

ಇನ್ನು 1919ರ ಕಾಯಿದೆಯಿಂದ ಬೆಳೆದ ಕೌನ್ಸಿಲ್ಲಿಗೆ ಬರೋಣ. ನಮ್ಮ ಮುಖ್ಯ ವಿಷಯವಿರುವುದು ಅಲ್ಲಿಯೇ. ಈಗ ಚುನಾಯಿತರೇ ಹೆಚ್ಚು, 86 ಮಂದಿ; ಉಳಿದವರು ಅಧಿಕಾರಿಗಳು ಮತ್ತು ನೇಮಕಗೊಂಡವರು. ಮತದಾನದ ಹಕ್ಕು ಇಂತಿಷ್ಟು ಕಂದಾಯ ಅಥವಾ ತೆರಿಗೆ ಕೊಡುವವರಿಗೆ ಮಾತ್ರ. ಸ್ತ್ರೀಯರಿಗೂ ಅದು ಸಲ್ಲಬೇಕೆಂದು ಈ ಕೌನ್ಸಿಲ್ಲೇ 1921ರಲ್ಲಿ ತೀರ್ಮಾನಿಸಿತು. ಗವರ್ನರರು ಅಧ್ಯಕ್ಷಪೀಠದಿಂದ ಇಳಿದರು. ಅದರ ಮೇಲೆ ಕುಳಿತ ಮೊದಲಿಗರು ಸರ್ ನಾರಾಯಣ ಚಂದಾವರಕರರು. ಹೊನ್ನಾವರದಲ್ಲಿ ಹುಟ್ಟಿದ ಈ ಮಹನೀಯರು ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾಗಿದ್ದವರು. 1900ರ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರೂ ಹೌದು. 1920ರ ಚುನಾವಣೆಯನ್ನು ಕಾಂಗ್ರೆಸ್ಸು ಬಹಿಷ್ಕರಿಸಿದ್ದಿತು. ಆದ್ದರಿಂದ ಮೊದಲ ಕೌನ್ಸಿಲ್ಲಿನಲ್ಲಿ ಕುಳಿತವರನ್ನು ಸರಕಾರದ ಬಾಲಬಡುಕರೆಂದು ಹೊರಗಿನವರು ಹಂಗಿಸುತ್ತಿದ್ದರು. ಆ ಹಂಗಿಕೆಯಲ್ಲಿ ಸತ್ಯಾಂಶವಿತ್ತೇ ಎಂಬುದನ್ನು ವಾಚಕರೇ ಕೊನೆಗೆ ನಿರ್ಧರಿಸಲಿ.

ಬಜೆಟ್ಟಿನ ಅಧಿವೇಶನ ಮುಂಬಯಿಯಲ್ಲಿ, ಮಳೆಗಾಲದ್ದು ಪುಣೆಯ ಕೌನ್ಸಿಲ್ ಹಾಲಿನಲ್ಲಿ. ನಮ್ಮ ಜಿಲ್ಲೆಗಳ ಸದಸ್ಯರು ಮೀಟರ್ ಗೇಜಿನ ಗಾಡಿಯೇರಿ ಬೆಳಗಾವಿ, ಮೀರಜಗಳ ಮೇಲೆ ಪುಣೆಗೆ ಹೋಗಬೇಕು. ಕಲಾಪವೆಲ್ಲ ಇಂಗ್ಲಿಷಿನಲ್ಲಿ, ಇಂಗ್ಲಿಷು ಚೆನ್ನಾಗಿ ಬಾರದ ಸದಸ್ಯನು ಪ್ರಾಂತದ ದೇಶಭಾಷೆಯಲ್ಲಿ ಮಾತನಾಡಬಹುದೆಂಬ ನಿಯಮವೂ ಇದ್ದಿತು. ಆದರೆ ಮಂತ್ರಿಗೂ ಕಾರ್ಯದರ್ಶಿಗೂ ಅರ್ಥವಾಗದ ಭಾಷೆಯಲ್ಲಿ ಅಹವಾಲು ಹೇಳಿ ಫಲವೇನು? ನಿಯಮ ಕೊಟ್ಟ ಹಕ್ಕನ್ನು ವ್ಯವಹಾರ ಕಸಿದುಕೊಳ್ಳುವುದು ಅಂದಿಗೇ ಮುಗಿದುಹೋದ ಕಥೆಯಲ್ಲ.

ದಿನದ ಮೊದಲ ಭಾಗ ಪ್ರಶ್ನೋತ್ತರಕ್ಕೆ ಮೀಸಲು. ಪ್ರಶ್ನೆಯನ್ನು ಮುಂಚಿತವಾಗಿ ಬರೆದು ಕಳುಹಿಸಬೇಕು. ಸಾರ್ವಜನಿಕ ಹಿತಕ್ಕೆ ಬಾಧಕವೆಂದು ತೋರಿದರೆ ಅದನ್ನು ತಡೆಯುವ ಅಧಿಕಾರ ಮೇಲಿನವರಿಗೆ ಇದ್ದೇ ಇತ್ತು. ಇಂತಹ ತಾಲೂಕಿನಲ್ಲಿ ಸಾಲೆಗಳೆಷ್ಟು, ಮಳೆ ಹೋದ ವರ್ಷ ಕಂದಾಯದಲ್ಲಿ ಸೂಟಿ ಎಷ್ಟು ಕೊಟ್ಟಿರಿ, ಇಂತಹ ಇಲಾಖೆಯ ಗುಮಾಸ್ತರಲ್ಲಿ ಯಾವ ಜಾತಿಯವರು ಎಷ್ಟು ಮಂದಿ, ಎಂಬಂತಹ ಪ್ರಶ್ನೆಗಳು. ಸರಕಾರದ ಉತ್ತರಗಳಲ್ಲಿ ಕೆಲವು ಸಿದ್ಧಮಂತ್ರಗಳಿದ್ದವು: ಮಾಹಿತಿ ಸಂಗ್ರಹಿಸಲಾಗುತ್ತಿದೆ, ವಿಷಯ ಪರಿಶೀಲನೆಯಲ್ಲಿದೆ, ಮಾಹಿತಿ ಕೂಡಿಸುವ ಶ್ರಮಕ್ಕೆ ತಕ್ಕ ಪ್ರಯೋಜನ ಕಾಣದು. ಬ್ರಿಟಿಷರು ಹೋದರೂ ಈ ಮಂತ್ರಗಳು ಹೋಗಲಿಲ್ಲವೆಂಬುದನ್ನು ಬಲ್ಲವರು ಬಲ್ಲರು. ಆದರೂ ಒಮ್ಮೆ ಸಂಖ್ಯೆ ಸಭೆಯಲ್ಲಿ ಅಚ್ಚಾಯಿತೆಂದರೆ ಸರಕಾರ ಅದನ್ನು ಮರಳಿ ನುಂಗಲಾರದು. ಮರುದಿನ ಪತ್ರಿಕೆಯವನು ಅದನ್ನು ಹಿಡಿಯುವನು, ಮುಂದಿನ ವರ್ಷ ಇನ್ನೊಬ್ಬ ಸದಸ್ಯನು ಅದೇ ಸಂಖ್ಯೆಯನ್ನು ಹಿಡಿದು ಏಳುವನು. 1920ರ ನಂತರ ಉಪಪ್ರಶ್ನೆಯ ಹಕ್ಕು ಕೇಳಿದವನೊಬ್ಬನಿಗೇ ಅಲ್ಲದೆ ಎಲ್ಲ ಸದಸ್ಯರಿಗೂ ದೊರೆತುದರಿಂದ ತಪ್ಪಿಸಿಕೊಳ್ಳುವ ದಾರಿ ಇನ್ನಷ್ಟು ಕಿರಿದಾಯಿತು.

ಪ್ರಶ್ನೆಗಳ ಬಳಿಕ ಮಸೂದೆಗಳು. ಮೊದಲ ವಾಚನ, ಸಿಲೆಕ್ಟ್ ಕಮಿಟಿ, ಕಲಮು ಕಲಮಾಗಿ ಎರಡನೆಯ ವಾಚನ, ಕಡೆಗೆ ಮೂರನೆಯದು. ಹೀಗೆ ಬಂದವುಗಳಲ್ಲಿ 1923ರ ಲೋಕಲ್ ಬೋರ್ಡುಗಳ ಕಾಯಿದೆ, ಅದೇ ವರ್ಷದ ಪ್ರಾಥಮಿಕ ಶಿಕ್ಷಣ ಕಾಯಿದೆ, 1925ರ ಮುನಿಸಿಪಲ್ ಬರೋಗಳ ಕಾಯಿದೆ, 1933ರ ಗ್ರಾಮಪಂಚಾಯತಿ ಕಾಯಿದೆ ಮುಖ್ಯವಾದವು. ದೇವದಾಸಿ ಬಿಡುವ ಪದ್ಧತಿಯನ್ನು ಕಾನೂನುಬಾಹಿರವೆಂದು ಸಾರಿದ 1934ರ ಕಾಯಿದೆಯೂ ಇಲ್ಲಿಯದೇ. ಬೆಳಗಾವಿ, ವಿಜಾಪುರಗಳಲ್ಲಿ ಅದು ಎಷ್ಟು ನಡೆಯಿತೆಂಬುದಕ್ಕೆ 1982ರಲ್ಲಿ ಕರ್ನಾಟಕವು ಮತ್ತೊಂದು ಕಾಯಿದೆ ಮಾಡಬೇಕಾಗಿ ಬಂದುದೇ ಸಾಕ್ಷಿ.

ಬಜೆಟ್ಟಿನ ಕಾಲದಲ್ಲಿ ಬೇರೊಂದು ಬಗೆಯ ಕಲಾಪ. ಇಲಾಖೆವಾರು ಹಣದ ಬೇಡಿಕೆಗಳು ಬರುವವು. ಲಕ್ಷಗಟ್ಟಲೆಯ ಬೇಡಿಕೆಯಲ್ಲಿ ಒಂದು ರೂಪಾಯಿ ಅಥವಾ ನೂರು ರೂಪಾಯಿ ಕಡಿಮೆ ಮಾಡಬೇಕೆಂದು ಸದಸ್ಯನು ಖೋತಾ ಸೂಚನೆ ಕೊಡುವನು. ಉದ್ದೇಶ ರೂಪಾಯಿ ಉಳಿಸುವುದಲ್ಲ, ಆ ನೆಪದಲ್ಲಿ ಇಲಾಖೆಯ ತಪ್ಪನ್ನು ಎತ್ತಿ ಆಡುವುದು. ಸಭೆ ನಿಜವಾಗಿಯೇ ಹಣವನ್ನು ನಿರಾಕರಿಸಿದರೆ? ಪೊಲೀಸು, ಕಂದಾಯ, ನ್ಯಾಯ, ಹಣಕಾಸು ಮೊದಲಾದವು ‘ಕಾದಿಟ್ಟ’ ಇಲಾಖೆಗಳು; ಅಲ್ಲಿ ಕಡಿದ ಹಣವನ್ನು ಗವರ್ನರರು ತಮ್ಮ ಸಹಿಯಿಂದಲೇ ಮರಳಿ ಕೂಡಿಸಬಲ್ಲರು. ಶಿಕ್ಷಣ, ಆರೋಗ್ಯ, ಸ್ಥಳೀಯ ಸಂಸ್ಥೆ ಮೊದಲಾದ ‘ವರ್ಗಾಯಿತ’ ಇಲಾಖೆಗಳು ಮಾತ್ರ ಸಭೆಗೆ ಹೊಣೆಯಾದ ಮಂತ್ರಿಗಳ ಕೈಯಲ್ಲಿ. ಹಣದ ಕೀಲಿಕೈ ಒಬ್ಬರಲ್ಲಿ, ಖರ್ಚಿನ ಹೊಣೆ ಇನ್ನೊಬ್ಬರಲ್ಲಿ. ಇಂತಹ ಸಂಸಾರ ಹೇಗೆ ನಡೆದೀತೆಂಬುದನ್ನು ನಮ್ಮ ಪತ್ರಿಕೆಯ ಗೃಹಿಣಿಯರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ಇವೆಲ್ಲದರ ನಡುವೆ ಅಲ್ಲೊಂದು ಇಲ್ಲೊಂದು ದಿನವನ್ನು ಖಾಸಗಿ ಸದಸ್ಯರ ಠರಾವುಗಳಿಗೆ ಬಿಡುತ್ತಿದ್ದರು. ಠರಾವೆಂಬುದು ಕಾಯಿದೆಯಲ್ಲ, ಹೀಗೆ ಮಾಡಿರೆಂದು ಸಭೆಯು ಸರಕಾರಕ್ಕೆ ಮಾಡುವ ಶಿಫಾರಸು ಮಾತ್ರ. ಒಪ್ಪುವುದು ಬಿಡುವುದು ಸರಕಾರದ ಚಿತ್ತ. ಇಂತಹ ಒಂದು ದಿನ, 1923ರ ಆಗಸ್ಟ್ 4ರಂದು, ಸೀತಾರಾಮ ಕೇಶವ ಬೋಲೆ ಎಂಬ ಸದಸ್ಯರು ಒಂದು ಠರಾವನ್ನು ತಂದರು. ಭಂಡಾರಿ ಸಮಾಜದವರಾದ ಇವರು ಮುಂಬಯಿಯ ಗಿರಣಿ ಕಾರ್ಮಿಕರ ನಡುವೆ ದುಡಿದವರು. ಮುಂದೆ ರಾವಬಹಾದ್ದೂರರೆನಿಸಿಕೊಂಡವರೂ ಹೌದು. ಬಿರುದು ಪಡೆದವರೆಲ್ಲ ನಿಷ್ಪ್ರಯೋಜಕರೆಂಬ ನಂಬಿಕೆಯುಳ್ಳವರು ಈ ಹೆಸರನ್ನು ನೆನಪಿನಲ್ಲಿಡತಕ್ಕದ್ದು.

ಠರಾವಿನ ಸಾರವಿಷ್ಟು: ಸಾರ್ವಜನಿಕರ ಹಣದಿಂದ ಕಟ್ಟಿದ ಮತ್ತು ನಡೆಯುವ, ಅಥವಾ ಸರಕಾರ ನೇಮಿಸಿದ ಇಲ್ಲವೆ ಕಾಯಿದೆಯಿಂದ ಹುಟ್ಟಿದ ಸಂಸ್ಥೆಗಳ ಆಡಳಿತದಲ್ಲಿರುವ ಎಲ್ಲ ನೀರಿನ ತಾಣಗಳು, ಬಾವಿಗಳು, ಧರ್ಮಶಾಲೆಗಳು, ಹಾಗೆಯೇ ಸಾರ್ವಜನಿಕ ಸಾಲೆ, ಕೋರ್ಟು, ಕಚೇರಿ, ದವಾಖಾನೆಗಳು, ಅಂದು ಅಸ್ಪೃಶ್ಯರೆಂದು ಕರೆಯಲ್ಪಡುತ್ತಿದ್ದ ಜನರಿಗೂ ತೆರೆದಿರಬೇಕು. ಈ ವಾಕ್ಯದ ಎಚ್ಚರವನ್ನು ಗಮನಿಸಬೇಕು. ದೇವಾಲಯದ ಮಾತಿಲ್ಲ. ಖಾಸಗಿ ಬಾವಿಯ ಮಾತಿಲ್ಲ. ಶಾಸ್ತ್ರದ ಚರ್ಚೆಗೆ ಆಸ್ಪದವಿಲ್ಲ. ಕೇಳಿದ್ದು ಒಂದೇ: ಯಾವನ ತೆರಿಗೆಯಿಂದ ಬಾವಿ ತೋಡಿದಿರೋ ಅವನನ್ನು ಆ ಬಾವಿಯಿಂದ ದೂರವಿಡುವುದು ಯಾವ ನ್ಯಾಯ? ಇದಕ್ಕೆ ಬಹಿರಂಗವಾಗಿ ಉತ್ತರ ಕೊಡುವುದು ಯಾರಿಗೂ ಸುಲಭವಲ್ಲ. ಸಭೆ ಠರಾವನ್ನು ಅಂಗೀಕರಿಸಿತು.

ಐದು ವಾರಗಳ ನಂತರ, 1923ರ ಸೆಪ್ಟೆಂಬರ್ 11ರಂದು, ಸರಕಾರದ ಆದೇಶ ಹೊರಟಿತು. ನಾವು ಮೇಲೆ ಹೇಳಿದ ಕ್ರಿಯಾಪದದ ಗುಟ್ಟು ಇಲ್ಲಿದೆ. ಸರಕಾರದ ಸ್ವಂತ ಒಡೆತನದ ಸ್ಥಳಗಳ ಮಟ್ಟಿಗೆ ಇಲಾಖೆಗಳ ಮುಖ್ಯಾಧಿಕಾರಿಗಳು ಠರಾವನ್ನು ‘ಜಾರಿಗೊಳಿಸತಕ್ಕದ್ದು’. ಪುರಸಭೆ, ಲೋಕಲ್ ಬೋರ್ಡುಗಳ ಮಟ್ಟಿಗೆ ಮಾತ್ರ ಕಲೆಕ್ಟರರು ಅವಕ್ಕೆ ಈ ಶಿಫಾರಸನ್ನು ಒಪ್ಪುವ ಬಗ್ಗೆ ಆಲೋಚಿಸಿರೆಂದು ‘ಸಲಹೆ ಕೊಡುವುದು’. ಮೊದಲನೆಯದು ವಿಧಿ, ಎರಡನೆಯದು ವಿನಂತಿ. ಊರಿನ ಬಾವಿ ಕೆರೆಗಳಲ್ಲಿ ಬಹುಭಾಗ ಯಾರ ಕೈಯಲ್ಲಿತ್ತು? ಸರಕಾರದ ಕೈಯಲ್ಲಲ್ಲ, ಪುರಸಭೆ ಬೋರ್ಡುಗಳ ಕೈಯಲ್ಲಿ. ಅಂದರೆ ಅಪ್ಪಣೆ ಹೋದಲ್ಲಿ ನೀರು ಕಡಿಮೆ, ನೀರು ಇದ್ದಲ್ಲಿ ಹೋದುದು ಬರಿಯ ಸಲಹೆ.

ಆ ಸಲಹೆಯ ಕಾಗದ ಧಾರವಾಡ, ಬೆಳಗಾವಿ, ವಿಜಾಪುರಗಳಿಗೂ ಬಂದಿತ್ತು. ಆ ಜಿಲ್ಲೆಗಳ ಬೋರ್ಡುಗಳಲ್ಲಿ ಕುಳಿತ ಹಿರಿಯರಲ್ಲಿ ನಮ್ಮ ಸಮಾಜದ ಗೌಡರು, ದೇಸಾಯರು, ವ್ಯಾಪಾರಸ್ಥರು ಸಾಕಷ್ಟು ಮಂದಿ ಇದ್ದರೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಕುಲದ ಅಹಂಕಾರವನ್ನು ಅಲ್ಲಗಳೆದ ಶರಣರ ಹೆಸರನ್ನು ಬೆಳಗು ಬೈಗು ಹೇಳುವ ಮನೆಗಳ ಮುಂದಿನ ಬಾವಿಯಲ್ಲಿಯೂ ಬಹುಕಾಲ ಹಗ್ಗ ಇಳಿಸುವ ಕೈಗಳು ಯಾರವೆಂಬುದಕ್ಕೆ ಲೆಕ್ಕವಿದ್ದಿತು. ಇದನ್ನು ಓದಿ ಮುಖ ಗಂಟಿಕ್ಕುವ ವಾಚಕರು ತಮ್ಮ ಮನೆಯ ಎಂಬತ್ತು ದಾಟಿದ ಅಜ್ಜಿಯನ್ನು ಕೇಳಿ ನೋಡಬಹುದು.

ಕೊಂಕಣದ ಕುಲಾಬಾ ಜಿಲ್ಲೆಯಲ್ಲಿ ಮಹಾಡವೆಂಬ ಊರು. ಇಂದು ಅದು ರಾಯಗಡ ಜಿಲ್ಲೆಗೆ ಸೇರಿದೆ. ಅಲ್ಲಿಯ ಪುರಸಭೆ ಸಲಹೆಯನ್ನು ಮನ್ನಿಸಿ, ಊರ ನಡುವಿನ ಚವದಾರ ಕೆರೆ ಎಲ್ಲರಿಗೂ ತೆರೆದಿದೆಯೆಂದು 1924ರಲ್ಲಿ ತಾನೂ ಒಂದು ಠರಾವು ಮಾಡಿತು. ಆದರೆ ಕೆರೆಯ ಮೆಟ್ಟಿಲಿಳಿಯಲು ಯಾರಿಗೂ ಧೈರ್ಯ ಬರಲಿಲ್ಲ. ಮೇಲುಜಾತಿಯ ಭಯ ಹಾಗಿದ್ದಿತು. ಕೌನ್ಸಿಲ್ಲಿನ ಠರಾವಿನ ಕೆಳಗೆ ಸರಕಾರದ ಆದೇಶ, ಅದರ ಕೆಳಗೆ ಪುರಸಭೆಯ ಠರಾವು, ಕಾಗದದ ಮೇಲೆ ಕಾಗದ. ನೀರು ಅಲುಗಲಿಲ್ಲ. ಬೋಲೆಯವರು ಸುಮ್ಮನೆ ಕೂಡಲಿಲ್ಲ. 1926ರ ಆಗಸ್ಟ್ 5ರಂದು ಎರಡನೆಯ ಠರಾವನ್ನು ತಂದರು: ಮೊದಲನೆಯದನ್ನು ನಡೆಸಲೊಪ್ಪದ ಪುರಸಭೆ, ಬೋರ್ಡುಗಳಿಗೆ ಸರಕಾರ ಅನುದಾನ ಕೊಡಬಾರದು. ಉಪದೇಶಕ್ಕೆ ಬಗ್ಗದವನು ಗಂಟಿಗೆ ಬಗ್ಗುವನೆಂಬ ಲೋಕಜ್ಞಾನ ಇದರಲ್ಲಿದೆ.

ಅದರ ಮರುವರ್ಷ ಡಾ. ಅಂಬೇಡ್ಕರರು ಗವರ್ನರರ ನೇಮಕದಿಂದ ಕೌನ್ಸಿಲ್ಲಿಗೆ ಬಂದರು. 1927ರ ಫೆಬ್ರವರಿ 24ರಂದು ಅವರು ಬಜೆಟ್ಟಿನ ಮೇಲೆ ಮಾಡಿದ ಮೊದಲ ಭಾಷಣದ ವಿಷಯ ಜಾತಿಯಲ್ಲ, ಕಂದಾಯ. ವರಮಾನ ತೆರಿಗೆಯಲ್ಲಿ ಸಣ್ಣ ಆದಾಯದವನಿಗೆ ವಿನಾಯಿತಿಯುಂಟು. ಒಂದೆಕರೆಯ ರೈತನಿಗೆ ಮಾತ್ರ ಬೆಳೆ ಬಂದರೂ ಬಾರದಿದ್ದರೂ ದೊಡ್ಡ ಜಹಗೀರದಾರನ ದರದಲ್ಲಿಯೇ ಕಂದಾಯ. ಇದೆಂತಹ ಸಮತೆಯೆಂದು ಅವರು ಕೇಳಿದರು. ಮುಂದಿನ ತಿಂಗಳು ಶಿಕ್ಷಣದ ಬೇಡಿಕೆಯ ಮೇಲೆ ಮಾತನಾಡುತ್ತ, ಸರಕಾರ ತಲೆಗೆ 14 ಆಣೆಯನ್ನು ಶಿಕ್ಷಣಕ್ಕೆ ಖರ್ಚು ಮಾಡಿ, ಅದರ ಎರಡು ಪಟ್ಟಿಗೂ ಮಿಕ್ಕಿ ಹಣವನ್ನು ಅಬಕಾರಿಯಿಂದ ಅದೇ ಜನರಿಂದ ವಸೂಲು ಮಾಡುತ್ತಿದೆಯೆಂದು ತೋರಿಸಿದರು. ಕಡೆಯ ಪಕ್ಷ ಹೆಂಡದಿಂದ ಪಡೆದಷ್ಟನ್ನಾದರೂ ಅಕ್ಷರಕ್ಕೆ ಮರಳಿಸಿರೆಂಬುದು ಅವರ ವಾದ. ಇವೆರಡೂ ನಡಾವಳಿಯಲ್ಲಿವೆ. ಮಹಾರಾಷ್ಟ್ರ ಸರಕಾರ ಪ್ರಕಟಿಸಿದ ಅಂಬೇಡ್ಕರರ ಕೃತಿಗಳ ಎರಡನೆಯ ಸಂಪುಟದಲ್ಲಿಯೂ ದೊರೆಯುತ್ತವೆ. ಮನೆಯಲ್ಲಿ ಅರ್ಥಶಾಸ್ತ್ರ ಓದುವ ಮಕ್ಕಳಿದ್ದರೆ ಓದಿಸತಕ್ಕವು.

ಹೀಗೆ ಆ ಫೆಬ್ರವರಿ ಮಾರ್ಚಿಯಲ್ಲಿ ಬಜೆಟ್ಟಿನ ಅಂಕಿಗಳನ್ನು ಎಣಿಸಿದ ಅವರೇ, 1927ರ ಮಾರ್ಚ್ 20ರಂದು ಸಾವಿರಾರು ಜನರ ಮುಂದೆ ನಡೆದು ಹೋಗಿ ಮಹಾಡದ ಕೆರೆಯ ಮೆಟ್ಟಿಲಿಳಿದು ನೀರು ಕುಡಿದರು. ಈ ಘಟನೆಯನ್ನು ಬಲ್ಲವರು ಬಹಳ. ಆದರೆ ಅವರು ಕೈಯಿಟ್ಟ ಕೆರೆ ಕಾಗದದ ಮೇಲೆ ಆಗಲೇ ತೆರೆದಿತ್ತು, ಅವರು ಮುರಿದದ್ದು ಕಾನೂನನ್ನಲ್ಲ, ನಡೆಸಿದ್ದು ಕಾನೂನನ್ನು ಎಂಬುದನ್ನು ಬಲ್ಲವರು ಕಡಿಮೆ. ಗಾಂಧೀಜಿಯವರ ಉಪ್ಪಿನ ಸತ್ಯಾಗ್ರಹ ಕಾನೂನುಭಂಗ. ಮಹಾಡದ್ದು ಕಾನೂನುಪಾಲನೆ. ಆ ಪಾಲನೆಗಾಗಿ ಅಂದು ಜನರ ತಲೆಗಳು ಒಡೆದವು. ವೀರೇಶ್ವರ ದೇವಾಲಯವನ್ನು ಹೊಗಲಿದ್ದಾರೆಂಬ ಸುಳ್ಳು ಸುದ್ದಿ ಹಬ್ಬಿ, ದೊಣ್ಣೆ ಹಿಡಿದ ಗುಂಪು ಮರಳುತ್ತಿದ್ದವರ ಮೇಲೆ ಬಿದ್ದಿತು. ಬಳಿಕ ಊರವರು ಪಂಚಗವ್ಯದಿಂದ ಕೆರೆಯನ್ನು ಶುದ್ಧಿ ಮಾಡಿದರು. 1927ರ ಆಗಸ್ಟ್ 4ರಂದು ಪುರಸಭೆಯು ತನ್ನ 1924ರ ಠರಾವನ್ನು ಹಿಂತೆಗೆದುಕೊಂಡಿತು. ದಿನಾಂಕವನ್ನು ನೋಡಿರಿ. ಬೋಲೆಯವರ ಮೊದಲ ಠರಾವಿಗೆ ಅಂದು ಸರಿಯಾಗಿ ನಾಲ್ಕು ವರ್ಷ ತುಂಬಿತ್ತು.

ಹಾಗಾದರೆ ಕೌನ್ಸಿಲ್ಲಿನ ಠರಾವು ವ್ಯರ್ಥವೇ? ವ್ಯರ್ಥವೆಂಬವರ ಪಕ್ಷ ಬಲವಾಗಿದೆ. ನಾವು ಆ ಪಕ್ಷವಲ್ಲ. ಠರಾವು ನೀರು ಕೊಡಲಿಲ್ಲ, ನಿಜ. ಕೆರೆಯತ್ತ ನಡೆದವರ ಕೈಗೆ ಅದೊಂದು ಆಧಾರ ಕೊಟ್ಟಿತು. ‘ನಮಗೆ ದಯೆ ತೋರಿರಿ’ ಎನ್ನಬೇಕಾದವರು ‘ನಿಮ್ಮ ಸಭೆಯೇ ಒಪ್ಪಿದ್ದನ್ನು ನಡೆಸಿರಿ’ ಎನ್ನುವಂತಾಯಿತು. ಬೇಡುವವನ ಧ್ವನಿಗೂ ಕೇಳುವವನ ಧ್ವನಿಗೂ ಇರುವ ಅಂತರ ಅದು. ಇದಿಷ್ಟೇ ಅಲ್ಲ, ಸಭೆಯಲ್ಲಿ ಒಂದು ಕೆಲಸ ಇನ್ನೊಂದನ್ನು ಹುಟ್ಟಿಸುತ್ತದೆ. 1928ರಲ್ಲಿ ಕೌನ್ಸಿಲ್ಲಿನ ಒತ್ತಾಯದಿಂದ ಈ ಜನರ ಸ್ಥಿತಿಗತಿ ವಿಚಾರಿಸಲು ಸ್ಟಾರ್ಟ್ ಎಂಬ ಅಧಿಕಾರಿಯ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಅಂಬೇಡ್ಕರರೂ ಸೋಳಂಕಿಯವರೂ ಅದರಲ್ಲಿದ್ದರು. 1930ರಲ್ಲಿ ವರದಿ ಬಂದಿತು. ಗಿರಣಿಯ ಹೆಂಗಸರಿಗೆ ಹೆರಿಗೆಯ ಕಾಲದಲ್ಲಿ ಹಣ ಕೊಡಬೇಕೆಂಬ ಮಸೂದೆ 1928ರಲ್ಲಿ ಇದೇ ಸಭೆಗೆ ಬಂದು, 1929ರಲ್ಲಿ ಕಾಯಿದೆಯಾಯಿತು. ಕೇಂದ್ರ ಸಭೆಯಲ್ಲಿ ಎನ್. ಎಂ. ಜೋಶಿಯವರ ಅಂತಹುದೇ ಮಸೂದೆ ಅದಕ್ಕೆ ಮುಂಚೆ ಬಿದ್ದುಹೋಗಿತ್ತು. ಹುಬ್ಬಳ್ಳಿಯ ವಕೀಲರಾದ ಸಿದ್ದಪ್ಪ ಕಂಬಳಿಯವರು ಈ ಕೌನ್ಸಿಲ್ಲಿನ ಉಪಾಧ್ಯಕ್ಷರಾಗಿ, 1930ರ ದಶಕದಲ್ಲಿ ಶಿಕ್ಷಣಮಂತ್ರಿಗಳಾಗಿ ದುಡಿದುದನ್ನು ನಮ್ಮ ವಾಚಕರು ಬಲ್ಲರು. ಅವರ ಭಾವಚಿತ್ರಕ್ಕೆ ಹಾರ ಹಾಕುವ ಸಂಸ್ಥೆಗಳು ಉಂಟು. ಅವರು ಸಭೆಯಲ್ಲಿ ಏನು ಕೇಳಿದರು, ಯಾವುದಕ್ಕೆ ಮತವಿತ್ತರು, ಯಾವುದನ್ನು ವಿರೋಧಿಸಿದರು ಎಂಬುದನ್ನು ನಡಾವಳಿಯಿಂದ ತೆಗೆದು ಕನ್ನಡದಲ್ಲಿ ಒಂದೆಡೆ ಕೂಡಿಸಿದರೆ ಹಾರಕ್ಕಿಂತ ಅದು ಮೇಲಾದ ಗೌರವವೆಂದು ನಮ್ಮ ಅಭಿಪ್ರಾಯ. ಹೊಗಳಿಕೆಗೆ ಮಾತ್ರವಲ್ಲ, ವಿಮರ್ಶೆಗೂ ಅದು ಬೇಕು.

ಕೆರೆಯ ವ್ಯವಹಾರ ಕೋರ್ಟಿಗೆ ಹೋಯಿತು. ಅದು ತಮ್ಮ ಖಾಸಗಿ ಕೆರೆ, ಅನಾದಿಯಿಂದ ಬಂದ ರೂಢಿ ತಮ್ಮದು ಎಂದು ಮಹಾಡದ ಕೆಲವರು 1927ರ ಡಿಸೆಂಬರಿನಲ್ಲಿ ದಾವೆ ಹೂಡಿ ತಾತ್ಕಾಲಿಕ ತಡೆಯಾಜ್ಞೆ ತಂದರು. ಅದೇ ತಿಂಗಳು ಮತ್ತೊಮ್ಮೆ ಸೇರಿದ ಜನರನ್ನು ಕೆರೆಗೆ ಕರೆದೊಯ್ಯದೆ ಅಂಬೇಡ್ಕರರು ತಡೆದು ನಿಲ್ಲಿಸಿದರು, ಕೋರ್ಟಿನ ಮಾತು ಬರಲೆಂದು. ಆ ಮಾತು ಬರಲು ಒಂಬತ್ತು ವರ್ಷಗಳಿಗೂ ಮಿಕ್ಕಿ ಹಿಡಿಯಿತು. 1937ರ ಮಾರ್ಚ್ 17ರಂದು ಮುಂಬಯಿ ಹೈಕೋರ್ಟು, ಕೆರೆ ಪುರಸಭೆಯದು, ಹೊರಗಿಡುವ ರೂಢಿ ಅನಾದಿಯದೆಂಬುದು ಸಿದ್ಧವಾಗಿಲ್ಲ ಎಂದು ತೀರ್ಪಿತ್ತಿತು.

ಅಷ್ಟು ಹೊತ್ತಿಗೆ ಬೋಲೆಯವರು ಠರಾವು ಮಂಡಿಸಿದ ಆ ಕೌನ್ಸಿಲ್ಲೇ ಇರಲಿಲ್ಲ. 1935ರ ಕಾಯಿದೆಯ ಮೇರೆಗೆ ಚುನಾವಣೆ ನಡೆದು 175 ಸ್ಥಾನಗಳ ಹೊಸ ಅಸೆಂಬ್ಲಿ ಬಂದಿತ್ತು. ಸಾರ್ವಜನಿಕ ಬಾವಿ, ಕೆರೆ, ಸಾಲೆ, ದವಾಖಾನೆಗಳಿಂದ ಯಾರನ್ನಾದರೂ ಅಸ್ಪೃಶ್ಯನೆಂದು ತಡೆದರೆ ಶಿಕ್ಷೆಯುಂಟೆಂದು ಸಾರಿದ ಹರಿಜನರ ಸಾಮಾಜಿಕ ಅನರ್ಹತಾ ನಿವಾರಣ ಕಾಯಿದೆಯನ್ನು ಮುಂಬಯಿ ಶಾಸನಸಭೆ 1946ರಲ್ಲಿ ಮಾಡಿತು. 1923ರಲ್ಲಿ ಕಲೆಕ್ಟರರ ಮೂಲಕ ಸಲಹೆಯಾಗಿ ಹೋದುದು ಇಪ್ಪತ್ತಮೂರು ವರ್ಷಗಳ ಬಳಿಕ ಅಪ್ಪಣೆಯಾಗಿ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳಿಗೆ ಮರಳಿ ಬಂದಿತು.